ಇಬ್ಬರು ದಾದು

ಚಟ್ಟವನ್ನು ದೋಣಿಗೆ ಏರಿಸುವಾಗ ನಿತಾಯ್‌ನ ಕಾಲು ಕೆಸರಿನಲ್ಲಿ ಜಾರಿತು. ಅವನ ಅಪ್ಪನ ಹೆಣ ಒಂದು ಪಕ್ಕಕ್ಕೆ ವಾಲಿತು.

"ಹುಷಾರಪ್ಪಾ! ನಿಮ್ಮಪ್ಪ ಒಂದು ದಿನಕ್ಕೂ ಒಬ್ಬರನ್ನೂ ನೀರಿಗೆ ಬೀಳಿಸಿದವನಲ್ಲ. ಇವತ್ತು ನೀನು ಅವನನ್ನೇ ಬೀಳಿಸ್ಬೇಡ," ಎಂದ ನೆರೆಮನೆಯ ಗೌರ್ ಕಾಕಾ.

ಯಾರೂ ನಗಲಿಲ್ಲ. ನದಿ ಇಳಿಯತೊಡಗಿತ್ತು. ಇನ್ನು ಸ್ವಲ್ಪ ತಡವಾದರೆ ದೋಣಿ ಕೆಸರಿನಲ್ಲಿ ಕೂತುಬಿಡುತ್ತದೆ, ಮತ್ತೆ ಭರತ ಬರುವವರೆಗೆ ಅಲುಗಾಡುವುದಿಲ್ಲ. ಆಚೆ ದಡದ ಸ್ಮಶಾನಕ್ಕಾಗಲಿ ಆಸ್ಪತ್ರೆಗಾಗಲಿ ಹೋಗಲು ಇದ್ದುದು ಅದೊಂದೇ ದೋಣಿ, ಅದೂ ಸತ್ತ ಅನುಕೂಲ್ ಮೃಧಾನದೇ. ಜೀವಮಾನವೆಲ್ಲ ಊರಿನವರನ್ನು ದಾಟಿಸಿದ ಮುದುಕ ಬೆಳಗಿನ ಜಾವ ಹೊಟ್ಟೆನೋವೆಂದು ಮುದುರಿಕೊಂಡವನು ಬೆಳಕು ಹರಿಯುವುದರೊಳಗೆ ಉಸಿರು ಬಿಟ್ಟಿದ್ದ. ವಯಸ್ಸಾಗಿತ್ತು, ಪುಣ್ಯವಂತ, ನರಳದೆ ಹೋದ ಎಂದು ಊರು ತೀರ್ಮಾನಿಸಿತ್ತು. ಊರಿಗೆ ಇಂಥ ತೀರ್ಮಾನಗಳಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಸೊಸೆ ಶೆಫಾಲಿ ಮಗಳು ಪುತುಲಳನ್ನು ಸೊಂಟದಲ್ಲಿ ಎತ್ತಿಕೊಂಡು ಒಡ್ಡಿನ ಮೇಲೆ ನಿಂತಿದ್ದಳು. ಹೆಂಗಸರು ಅಲ್ಲಿಂದ ಮುಂದೆ ಹೋಗುವಂತಿಲ್ಲ. ಬೆಳಗಿನಿಂದ ಮಗುವೂ ಹೊಟ್ಟೆನೋವೆಂದು ಹೇಳುತ್ತಿತ್ತು. ಅಜ್ಜನಿಗಾಗಿ 'ದಾದು, ದಾದು' ಎಂದು ಅತ್ತು ಅತ್ತು ಹಸಿದಿರಬೇಕು ಎಂದುಕೊಂಡಿದ್ದಳು.

"ಮಾ, ದಾದು ಇಬ್ಬರಿದಾರೆ."

"ಏನಂದೆ?"

"ದೋಣೀಲಿ. ಒಬ್ಬ ದಾದು, ಪಕ್ಕದಲ್ಲಿ ಇನ್ನೊಬ್ಬ ದಾದು."

ಗೌರ್ ಕಾಕಾ ಕೈ ಮುಗಿದೇಬಿಟ್ಟ. "ಕೇಳಿದ್ರೇನ್ರೋ! ಮಗೂ ಕಣ್ಣಿಗೆ ಆತ್ಮ ಕಾಣಿಸ್ತಿದೆ. ಎಂಥಾ ಸಾವು ಕಣೋ ಅನುಕೂಲ್, ಎಂಥಾ ಸಾವು!"

ಹೆಂಗಸರು ಗೊಳೋ ಎಂದರು. "ಬಲೋ ಹರಿ, ಹರಿ ಬೋಲ್" ಎಂಬ ಕೂಗು ಇಮ್ಮಡಿಯಾಯಿತು. ಶೆಫಾಲಿಗೂ ಅಳು ಬಂತು. ಕಣ್ಣೊರೆಸಿಕೊಂಡು ಮಗಳ ಮುಖ ನೋಡಿದಳು. ಮಗು ಗದ್ದ ಮೇಲೆತ್ತಿ ರೆಪ್ಪೆಗಳ ಕೆಳಗಿನಿಂದ ನೋಡುತ್ತಿತ್ತು. ಎರಡೂ ರೆಪ್ಪೆಗಳು ಅರ್ಧಕ್ಕೆ ಜೋತುಬಿದ್ದಿದ್ದವು.

"ಪುತುಲ್, ನನ್ನ ನೋಡು. ಮಾ ಎಷ್ಟು ಜನ ಇದಾಳೆ?"

"ಇಬ್ಬರು," ಎಂದಿತು ಮಗು. ಮಾತು ಮೂಗಿನಿಂದ ಬಂತು.

ಶೆಫಾಲಿ ಅವಳ ಜೋತ ರೆಪ್ಪೆಯನ್ನು ಬೆರಳಿನಿಂದ ಎತ್ತಿ ನೋಡಿದಳು. "ರಾತ್ರಿ ದಾದು ಜೊತೆ ಮಲಗಿದ್ಯಲ್ಲ, ಏನಾಯ್ತು ಹೇಳು."

"ನಮ್ಮ ಪಟ್ಟೆ ಹಾವು ಬಂತು. ದಾದು, 'ಬಂದ್ಯೇನೇ ತಾಯೀ, ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ' ಅಂತ ಕೈಯಲ್ಲೇ ಸರಿಸಿದ್ರು."

*

ಶೆಫಾಲಿ ಮದುವೆಯಾಗಿ ಬಂದ ಹೊಸತರಲ್ಲಿ ಸೌದೆ ತರಲು ಹೋಗಿ, ರಾಶಿಯಲ್ಲಿ ಹಾವು ಕಂಡು ಕಿರುಚಿಕೊಂಡಿದ್ದಳು. ಮಾವ ಬಿದ್ದು ಬಿದ್ದು ನಕ್ಕಿದ್ದ.

"ಅದು ಶಾಖಾಮುಟಿ, ಬೌಮಾ. ನಿನಗಿಂತ ಹಳೇ ಸೊಸೆ. ನೋಡು, ಕಪ್ಪು ಹಳದಿ ಪಟ್ಟೆ ಎಷ್ಟು ಅಗಲ! ಇದು ಮನುಷ್ಯರಿಗೆ ಬಾಯಿ ಹಾಕಿದ್ದು ನಾನಂತೂ ಕಂಡಿಲ್ಲ. ಹಾವನ್ನೇ ತಿನ್ನೋ ಹಾವು ಇದು. ಕಾಲಾಚ್‌ಗೂ ಮೈಮೇಲೆ ಪಟ್ಟೆ ಇದೆ, ಆದ್ರೆ ಬಿಳಿ, ದಾರದಷ್ಟು ತೆಳು. ಕುಲ ಒಂದೇ, ಗುಣ ಬೇರೆ. ಆ ವಿಷದ ಹಾವು ಹಾಸಿಗೆಗೇ ಬರುತ್ತೆ. ಕಚ್ಚಿದ್ದು ಗೊತ್ತಾಗಲ್ಲ, ಗಾಯಾನೂ ಕಾಣಲ್ಲ. ಹೊಟ್ಟೆ ನೋಯುತ್ತೆ, ರೆಪ್ಪೆ ಜೋಲುತ್ತೆ, ಒಂದು ಎರಡಾಗಿ ಕಾಣುತ್ತೆ, ಆಮೇಲೆ ಉಸಿರೇ ನಿಲ್ಲುತ್ತೆ."

ದಡದಿಂದ ದಡಕ್ಕೆ ಓಡಾಡಿದವನಿಗೆ ಯಾವ ದ್ವೀಪದಲ್ಲಿ ಯಾವುದಿದೆ ಎಂಬುದೂ ಗೊತ್ತಿತ್ತು. ಆಚೆಯವರು ಶಾಖಾಮುಟಿಗಳನ್ನೆಲ್ಲ ಹೊಡೆದು ಮುಗಿಸಿದರು, ಈಗ ಕಾಲಾಚ್ ಕಾಟಕ್ಕೆ ನಿದ್ದೆಯಿಲ್ಲ ಎನ್ನುತ್ತಿದ್ದ.

ಕಳೆದ ಆಷಾಢದಲ್ಲಿ ಮನೆಯ ಆ ಶಾಖಾಮುಟಿ ಪುತುಲ್ ಆಡುತ್ತಿದ್ದಲ್ಲಿಗೆ ಬಂತು. ನಿತಾಯ್ ಹೆದರಿ ಬಡಿದು ಕೊಂದ, ಕೊಳದ ಹಿಂದೆ ಹೂತ. "ಬಾಬಾಗೆ ಹೇಳ್ಬೇಡ" ಎಂದ. ಕಣ್ಣಿಗೆ ಪೊರೆ ಬಂದಿದ್ದ ಮುದುಕ ದಿನಾ ಸಂಜೆ ಸೌದೆ ರಾಶಿಯ ಹತ್ತಿರ ಬಗ್ಗಿ ಬಗ್ಗಿ ನೋಡುತ್ತಿದ್ದ. ಗಂಡ ಹೆಂಡತಿ ಬಾಯಿ ಬಿಡಲಿಲ್ಲ.

*

"ಪಟ್ಟೆ ಯಾವ ಬಣ್ಣ ಇತ್ತು, ಪುತುಲ್?"

"ಬಿಳಿ."

ಶೆಫಾಲಿ ಒಡ್ಡು ಇಳಿದು ಕೆಸರಿಗೆ ನುಗ್ಗಿದಳು. "ಹೆಣ ಇಳಿಸಿ! ಮಗೂನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಕಾಲಾಚ್ ಕಚ್ಚಿದೆ, ಮಾವನಿಗೂ ಇವಳಿಗೂ!"

"ಹುಚ್ಚು ಹಿಡೀತೇನೇ, ಬೌಮಾ?" ಎಂದ ಗೌರ್ ಕಾಕಾ. "ಹೊರಟ ಹೆಣಾನ ಯಾರಾದ್ರೂ ವಾಪಸ್ ಇಳಿಸ್ತಾರಾ?"

"ಹಾವು ಕಚ್ಚಿದ್ರೆ ಸುಡೋ ಹಾಗೇ ಇಲ್ಲ," ಎಂದು ಹಿಂದಿನಿಂದ ಒಬ್ಬ ಬಾಯಿ ಹಾಕಿದ. "ಬಾಳೆದಿಂಡಿನ ತೆಪ್ಪದಲ್ಲಿ ತೇಲಿಬಿಡ್ಬೇಕು."

"ಸುಮ್ನಿರೋ, ಗಾಯ ಎಲ್ಲಿದೆ ತೋರಿಸು!"

ಸುಡಬೇಕೋ ತೇಲಿಬಿಡಬೇಕೋ ಎಂದು ಜಗಳ ಹತ್ತಿಕೊಂಡಿತು. ಬದುಕಿದ್ದ ಮಗು ಯಾರಿಗೂ ನೆನಪಿಗೆ ಬರಲಿಲ್ಲ. ನೀರು ಇನ್ನಷ್ಟು ಇಳಿಯಿತು. ಯಾರೋ ಓಝಾನನ್ನು ಕರೆಸೋಣ, ಮಂತ್ರ ಹಾಕಲಿ ಎಂದರು.

"ಮಂತ್ರ ಬೇಡ, ಇಂಜೆಕ್ಷನ್ ಬೇಕು," ಎಂದಳು ಶೆಫಾಲಿ. ಗಂಡನತ್ತ ತಿರುಗಿದಳು. ಅವನು ತಲೆ ತಗ್ಗಿಸಿ ನಿಂತಿದ್ದ.

"ಹಸಿವಿಗೆ ಹಾಗಾಗಿರುತ್ತೆ," ಎಂದ ನಿತಾಯ್. "ಬಾಬಾನ ಮುಟ್ಟಿಸಿ ಬಂದುಬಿಡ್ತೀವಿ."

"ನಮ್ಮ ಹಳದಿ ಪಟ್ಟೇದು ಎಲ್ಲಿಗೆ ಹೋಯ್ತು ಅಂತ ನೀವು ಹೇಳ್ತೀರೋ, ನಾನು ಹೇಳ್ಲೋ?"

ಜಗಳ ಗಕ್ಕನೆ ನಿಂತಿತು. ನಿತಾಯ್ ಮಗಳ ಮುಖ ನೋಡಿದ. ಆಮೇಲೆ ಊರಿನವರಿಗಲ್ಲ, ಚಟ್ಟದ ಮೇಲಿದ್ದವನಿಗೆ ಹೇಳಿದ. "ನಾನೇ ಹೊಡೆದೆ, ಬಾಬಾ. ಅದು ಬರಲ್ಲ ಅಂತ ನಿಂಗೆ ಹೇಳಲೇ ಇಲ್ಲ."

ಅವನು ಯಾರಿಗೂ ಕಾಯದೆ ಹಗ್ಗ ಬಿಚ್ಚಿ, ಅಪ್ಪನನ್ನು ಎರಡು ತೋಳಿನಲ್ಲಿ ಎತ್ತಿ, ಕೆಸರಿನ ದಡದಲ್ಲಿ ಮಲಗಿಸಿದ. ಬರಿಯ ಚಟ್ಟವನ್ನೂ ಆಚೆ ತಳ್ಳಿದ. ದೋಣಿಯ ತಳ ಆಗಲೇ ಕೆಸರು ಕಚ್ಚಿತ್ತು. ಮೊದಲು ಭುಜ ಕೊಟ್ಟು ನೂಕಿದವನು ಗೌರ್ ಕಾಕಾ. "ಹೋಗ್ರೋ, ಹೋಗ್ರೋ! ಇವನ ಹತ್ರ ನಾನಿರ್ತೀನಿ," ಎಂದು ಗದರಿದ.

ಮುದುಕನನ್ನು ಮಲಗಿಸಿದ್ದ ಹಲಗೆಯ ಮೇಲೆಯೇ ಮಗುವನ್ನು ಮಲಗಿಸಿದರು. ನಿತಾಯ್ ಇಂಜಿನ್ ಹಿಡಿದ.

"ಪುತುಲ್, ನನ್ನ ಬೆರಳು ಹಿಡ್ಕೋ. ಗಟ್ಟಿಯಾಗಿ."

"ಹಿಡಿದಿದಾಳಾ?" ಎಂದು ಅವನು ತಿರುಗಿ ನೋಡದೆ ಕೇಳಿದ. ತಿರುಗಿದರೆ ದಡದಲ್ಲಿ ಮಲಗಿಸಿದ್ದ ಅಪ್ಪನೂ ಕಾಣುತ್ತಿದ್ದ.

"ಹಿಡಿದಿದಾಳೆ."

ನಡುನೀರು ದಾಟಿತು. ಆಸ್ಪತ್ರೆಯ ಘಟ್ಟದ ಮೆಟ್ಟಿಲುಗಳು ಕಾಣಿಸಿದವು.

"ಹಿಡಿದಿದಾಳಾ?"

ಈ ಸಲ ನಿತಾಯ್ ತಿರುಗಿದ. ಶೆಫಾಲಿ ಮಗುವಿನ ಮೂಗು ಒತ್ತಿ ಹಿಡಿದು, ಬಾಯಿಗೆ ಬಾಯಿ ಇಟ್ಟು ಊದುತ್ತಿದ್ದಳು. ಪುಟ್ಟ ಎದೆ ಏರಿತು, ಇಳಿಯಿತು, ಸುಮ್ಮನಾಯಿತು. ಅವಳು ಮತ್ತೆ ಊದಿದಳು.