ಫಿರ್ಮಿನೊನ ನೇರಳೆ ಗುಳಿಗೆಗಳು

ನನ್ನ ಸೋದರಮಾವ ಅನಕ್ಲೇತೊಗೆ ವಯಸ್ಸು ಎಪ್ಪತ್ತು ದಾಟಿದೆ. ಅವನ ಹೊಟ್ಟೆಕಿಚ್ಚಿಗೆ ಮಾತ್ರ ಇನ್ನೂ ಮೀಸೆ ಮೂಡಿದ ಪ್ರಾಯ. ಒಂದು ಮಳೆಗಾಲ ಆ ಕಿಚ್ಚಿಗೆ ಹಸಿ ಸೌದೆ ತಾನಾಗಿ ಹೊತ್ತಿಕೊಂಡಿತ್ತು. ಸುಮ್ಮನೆ ದಂಡವಾಗುವುದು ಬೇಡವೆಂದು ನಾವು ಅದರಲ್ಲೇ ಮೀನು ಹುರಿದುಕೊಂಡೆವು.

ಬೆಲೆಂ ಪಟ್ಟಣದಿಂದ ಹೊಳೆ ದಾಟಿದರೆ ನಮ್ಮ ದ್ವೀಪ. ಅಡಿಕೆಯಂಥ ಮರದಲ್ಲಿ ಗೊನೆ ಬಿಡುವ ನೇರಳೆ ಬಣ್ಣದ ಅಸಾಯಿ ಹಣ್ಣಿನ ಸುಗ್ಗಿ ಇಲ್ಲಿ ಶುರುವಾಗುವುದು ಝುಲ್ಮೀರಾಳ ಅಂಗಳದಲ್ಲಿ. ಅವಳು ಹಣ್ಣು ಅರೆದು ಗಟ್ಟಿ ರಸ ಮಾರುವ ವಿಧವೆ. ರಸ ಸಿದ್ಧವಾದರೆ ಬಾಗಿಲಿಗೆ ಕೆಂಪು ಬಾವುಟ ಏರುತ್ತದೆ. ವರ್ಷದ ಮೊದಲ ಗೊನೆಯನ್ನು ಹೊಳೆಯಂಚಿನ ಎತ್ತರದ ಮರದಿಂದ ಇಳಿಸಿದವನು ಆ ಬಾವುಟ ಏರಿಸುತ್ತಾನೆ, ಮೊದಲ ಬಟ್ಟಲು ಕುಡಿಯುತ್ತಾನೆ, ಸುಗ್ಗಿ ಮುಗಿಯುವವರೆಗೆ ಝುಲ್ಮೀರಾಳ ಪಕ್ಕದ ಬೆಂಚಿನಲ್ಲಿ ಕೂರುತ್ತಾನೆ. ಅವಳ ಗಂಡ ಸತ್ತಾಗಿನಿಂದ ಆ ಬೆಂಚು ಮಾವನದೇ. ಅವನಿಗೆ ಅದೊಂದು ಉಳಿದರೆ ಸಾಕಿತ್ತು. ಹಲ್ಲು ಹೋದಾಗಲೂ ಇಷ್ಟು ಚಿಂತೆ ಮಾಡಿದವನಲ್ಲ.

ಈ ವರ್ಷ ಅಡ್ಡ ಬಂದವನು ಪಕ್ಕದ ಮನೆಯ ಫಿರ್ಮಿನೊ. ಮಾವನ ಓರಗೆಯವನು. ಹೋದ ವರ್ಷ ದೋಣಿ ಇಳಿಯಲೂ ಅವನಿಗೆ ಯಾರಾದರೂ ಕೈ ಕೊಡಬೇಕಿತ್ತು. ಈಗ ನೋಡಿದರೆ ಗರಿಯಲ್ಲಿ ಹೆಣೆದ ತಳೆಯನ್ನು ಪಾದಕ್ಕೆ ಸಿಕ್ಕಿಸಿ ಸರಸರನೆ ಮರ ಏರುತ್ತಿದ್ದ. ಕೋತಿಗಳು ಮರಿಗಳನ್ನು ಕರೆತಂದು ತೋರಿಸುತ್ತಿದ್ದವು.

"ಏನೋ ತಿಂತಿದೀಯಾ ನೀನು?" ಮಾವ ಬೇಲಿಯ ಮೇಲಿಂದ ಕೇಳಿದ.

ಫಿರ್ಮಿನೊ ಜಗುಲಿಯ ಕಟ್ಟೆಯ ಮೇಲಿದ್ದ ಡಬ್ಬಿಯನ್ನು ಅಂಗಿಯ ತುದಿಯಿಂದ ಒರೆಸಿದ. ಅದರ ಮೇಲೆ ಬಿಳಿಗೂದಲ ಮುದುಕನೊಬ್ಬ ರಟ್ಟೆ ಉಬ್ಬಿಸಿ ನಿಂತ ಚಿತ್ರ. "ಮಗಳು ಪಟ್ಟಣದಿಂದ ಕಳ್ಸಿದ್ದು. ಅಸಾಯಿ ಸತ್ವದ ಗುಳಿಗೆ. ವಯಸ್ಸಾದೋರ ಮಾಂಸಖಂಡ ಕರಗದ ಹಾಗೆ ಹಿಡ್ಕೊಳತ್ತಂತೆ."

"ಹೊಳೆ ತುಂಬ ಅಸಾಯಿ ಇಟ್ಕೊಂಡು ಡಬ್ಬಿಲಿರೋದು ತಿಂತಾನಂತೆ! ನಾಚಿಕೆ ಆಗಲ್ವೇನೋ?"

"ಮರದ ತುದೀಲಿದ್ದಾಗ ನಾಚಿಕೆ ಕೆಳಗೇ ಉಳೀತದೆ ಕಣೋ. ಅಂದಹಾಗೆ ಝುಲ್ಮೀರಾ ನಿನ್ನೆ ನನ್ನ ಕಾಲು ನೋಡಿ 'ಪರವಾಗಿಲ್ವೇ' ಅಂದ್ಲು."

ಮಾವ ಊಟ ಬಿಟ್ಟ. ಅವನ ಉರಿಗೆ ಆ ಸಂಜೆ ಹೊಳೆಯ ನೀರು ಎರಡು ಆಳು ಇಳಿಯಿತು. ಅದು ಸಮುದ್ರದ ಇಳಿತ ಎನ್ನುವವರಿದ್ದಾರೆ. ಅವರು ಮಾವನ ಮುಖ ನೋಡಿದವರಲ್ಲ.

ಗೊನೆ ಇಳಿಸುವ ದಿನ ಬೆಳಗ್ಗೆ ನಾನು ಹೋದಾಗ ಆ ಡಬ್ಬಿ ಮಾವನ ಮೇಜಿನ ಮೇಲಿತ್ತು. ಉಪ್ಪು ಕೇಳಲು ಹೋದವನು ಡಬ್ಬಿಯ ಸಮೇತ ಬಂದಿದ್ದ. ಒಂದೊಂದೇ ಗುಳಿಗೆ ಬಿಚ್ಚಿ ನೇರಳೆ ಪುಡಿಯನ್ನು ಬಟ್ಟಲಿಗೆ ಸುರಿಯುತ್ತಿದ್ದ.

"ಮಾವ, ದಿನಕ್ಕೊಂದು ನೀರಲ್ಲಿ ನುಂಗಬೇಕು ಅಂತ ಇದರ ಮೇಲೆ ಬರ್ದಿದೆ."

"ಅಸಾಯಿನ ನೀರಲ್ಲಿ ನುಂಗ್ತಾರೇನೋ? ನಿಮ್ಮಮ್ಮ ನಿನಗೆ ಹಂಗೇ ಕಲ್ಸಿದ್ದಾ?"

ಮಾವ ಡಬ್ಬಿ ಪೂರ್ತಿ ಖಾಲಿ ಮಾಡಿದ. ನೀರು ಬೆರೆಸಿ ಕಲಕಿ, ಮೇಲೆ ಗರಿಗರಿಯಾದ ಮರಗೆಣಸಿನ ಹಿಟ್ಟು ಉದುರಿಸಿ, ಪಕ್ಕಕ್ಕೆ ಹುರಿದ ಮೀನಿಟ್ಟುಕೊಂಡು ಬಟ್ಟಲು ಬಳಿದು ತಿಂದ. ಹೀಗೆ ತಿಂದ ಮೇಲೆ ನಮ್ಮ ಕಡೆಯ ಮನುಷ್ಯ ಏನು ಮಾಡುತ್ತಾನೆ? ಜೋಲಿಯಲ್ಲಿ ಮಲಗುತ್ತಾನೆ. ಅಜ್ಜಂದಿರ ಕಾಲದಿಂದ ನಡೆದು ಬಂದದ್ದು. ಮಾವನೂ ಮಲಗಿದ. ಗುಳಿಗೆಯಿಂದ ಮಾಂಸಖಂಡ ಬರುತ್ತದೋ ಇಲ್ಲವೋ ನಾನರಿಯೆ. ನಿದ್ದೆ ಬಂದದ್ದನ್ನು ಕಣ್ಣಾರೆ ಕಂಡೆ. ಅವನ ಗೊರಕೆಗೆ ಕಟ್ಟಿದ್ದ ದೋಣಿಗಳು ಹಗ್ಗ ಜಗ್ಗಿದವು.

ಎಷ್ಟು ಅಲುಗಾಡಿಸಿದರೂ ಏಳಲಿಲ್ಲ. ನಾನು ಹೊಳೆಯಂಚಿಗೆ ಓಡಿದೆ. ಫಿರ್ಮಿನೊ ಆಗಲೇ ಮರದ ತುದಿಯಲ್ಲಿದ್ದ. ಗೊನೆ ಕೈಗೆಟುಕುವಂತಿತ್ತು, ಸೊಂಟದಲ್ಲಿ ಕತ್ತಿಯಿತ್ತು. ಆದರೂ ಕಡಿಯಲೊಲ್ಲ.

"ಅವನೆಲ್ಲಿ?" ಮೇಲಿಂದ ಕೂಗಿದ. "ಅವನು ನೋಡ್ದೆ ಇದ್ರೆ ಕಡಿದೇನು ಪ್ರಯೋಜನ? ಆರು ತಿಂಗಳು ಯಾರಿಗೂ ಕಾಣದ ಹಾಗೆ ಹಿತ್ತಲ ಮರ ಹತ್ತಿ ಇಳಿದಿದೀನಿ, ಅವನ ಮುಖ ನೋಡೋಕೆ!"

"ಮತ್ತೆ ಗುಳಿಗೆ?" ಎಂದೆ.

"ಒಂದೂ ನುಂಗಿಲ್ಲ. ಅವನ ಹೊಟ್ಟೆ ಉರೀಲಿ ಅಂತ ಕಟ್ಟೆ ಮೇಲಿಟ್ಟಿದ್ದೆ."

ಝುಲ್ಮೀರಾ ಕತ್ತೆತ್ತಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಕಡೀತೀಯೋ, ಅಲ್ಲೇ ಗೂಡು ಕಟ್ತೀಯೋ?"

ನಾನು ವಾಪಸು ಓಡಿ ಮಾವನ ಕಿವಿಯಲ್ಲಿ ಹೇಳಿದೆ: "ಮಾವ, ಝುಲ್ಮೀರಾ ಬೆಳಗ್ಗಿಂದ ಫಿರ್ಮಿನೊನನ್ನೇ ನೋಡ್ತಿದಾಳೆ."

ಜೋಲಿ ಖಾಲಿ.

ನಾನು ಹೊಳೆಯಂಚು ಮುಟ್ಟುವಷ್ಟರಲ್ಲಿ ಮಾವ ತಳೆಯನ್ನೂ ಹಾಕಿಕೊಳ್ಳದೆ ಅದೇ ಮರದ ಅರ್ಧ ದಾಟಿದ್ದ. ಬಾಯಿ ನೇರಳೆ, ಕಣ್ಣು ಕೆಂಪು.

"ಇಳಿಯೋ! ಮರ ಇಬ್ಬರನ್ನ ತಡ್ಕೊಳಲ್ಲ!" ಫಿರ್ಮಿನೊ ಅರಚಿದ.

"ನೀನಿಳಿ! ಬೆಂಚು ನಂದು!"

ಅಸಾಯಿ ಮರ ಬೆರಳಿನಷ್ಟೇ ಸಣ್ಣ, ಆದರೆ ಮರ್ಯಾದಸ್ಥ ಮರ. ಮುರಿಯಲಿಲ್ಲ, ಬಾಗಿತು. ನಿಧಾನವಾಗಿ ಬಾಗುತ್ತಾ ಬಾಗುತ್ತಾ ಇಬ್ಬರನ್ನೂ ತಂದು ಝುಲ್ಮೀರಾಳ ದೋಣಿಕಟ್ಟೆಯ ಮೇಲೆ ಇಳಿಸಿತು. ಅವರು ಕೈ ಬಿಟ್ಟದ್ದೇ ತಡ, ಸಟ್ಟನೆ ಮೇಲೆದ್ದಿತು. ಆ ಹೊಡೆತಕ್ಕೆ ಗೊನೆ ಕಳಚಿ, ಹೊಳೆಯ ಮೇಲೊಂದು ಸುತ್ತು ಹಾಕಿ, ಝುಲ್ಮೀರಾಳ ಬುಟ್ಟಿಯಲ್ಲೇ ಬಂದು ಕೂತಿತು. ಬೇಕಾದರೆ ಬುಟ್ಟಿ ತೋರಿಸುತ್ತೇನೆ.

"ನಾನು ಇಳಿಸಿದ್ದು," ಎಂದ ಮಾವ.

"ನಾನಿರದಿದ್ರೆ ಮರ ಬಾಗ್ತಿತ್ತಾ?" ಎಂದ ಫಿರ್ಮಿನೊ.

"ಇಳಿಸಿದ್ದು ಮರ," ಎಂದಳು ಝುಲ್ಮೀರಾ. ಹಣ್ಣು ಅರೆದಳು, ಬಾವುಟ ತಾನೇ ಏರಿಸಿದಳು, ಮೊದಲ ಬಟ್ಟಲು ತಾನೇ ಕುಡಿದು ತುಟಿ ಒರೆಸಿಕೊಂಡಳು. ಆಮೇಲೆ ಬೆಂಚಿನ ನಡುವೆ ಕೂತು ಎರಡೂ ಕಡೆ ತಟ್ಟಿದಳು.

ಇಬ್ಬರೂ ಆಚೀಚೆ ಕೂತರು. ಕೈಗೆ ಬಟ್ಟಲು ಬಂತು. ಮಾವ ತನ್ನದನ್ನು ಬಾಯಿಗಿಡುವ ಮೊದಲು ಝುಲ್ಮೀರಾಳ ಬೆನ್ನ ಹಿಂದಿನಿಂದ ಕತ್ತು ಚಾಚಿ ಫಿರ್ಮಿನೊನ ಬಟ್ಟಲು ನೋಡಿದ.

ಅಲ್ಲಿಂದ ಫಿರ್ಮಿನೊನ ಕತ್ತೂ ಈ ಕಡೆಗೇ ಬರುತ್ತಿತ್ತು.