ಪಣಜಿಗೆ ಹೋಗಿ ಬಂದವರು

ಡ್ರೈವರ್ ಎರಡು ಸಲ ಕೀಲಿ ತಿರುಗಿಸಿದರೂ ಶವದ ಗಾಡಿ ಹೊಗೆ ಉಗುಳಿ ಸುಮ್ಮನಾಯಿತು. ಮೂರನೆಯ ಸಲ ಹೊಗೆಯೂ ಬರಲಿಲ್ಲ. ಚಟ್ಟ ಹೊತ್ತವರು ಹೆಗಲು ಬದಲಿಸಿಕೊಂಡು ಸದಲಗಾದ ಆ ಓಣಿಯ ಬಿಸಿಲಲ್ಲೇ ನಿಂತರು.

“ಹೊಳಿತನಾ ಹೊತ್ಕೊಂಡ ಹೋಗೂದು ಆಗಾಂಗಿಲ್ಲ,” ಎಂದರು ತಾತ್ಯಾಸಾಹೇಬ, ತೀರಿಕೊಂಡ ಭೀಮಗೊಂಡನ ಅಣ್ಣ. “ಯಾರದರೆ ಗಾಡಿ ಐತೇನ್ರಿ?”

ಬೆಳಗಿನಿಂದ ಬೇವಿನ ಮರದ ಕೆಳಗೆ ಒಬ್ಬನೇ ನಿಂತಿದ್ದ ಸಿದ್ದಲಿಂಗ ಮುಂದೆ ಬಂದ. “ನಂದ ಟೆಂಪೋ ಐತ್ರಿ.”

“ನೀವು ಯಾರ ಪೈಕಿ?”

“ಸತ್ತಿ ಊರಾಂವ್ರಿ. ಚಿಕ್ಕೋಡಿ ಕಾಲೇಜಿನ್ಯಾಗ ಕೂಡಿ ಓದಿದ್ವಿ.”

ಅಷ್ಟು ಸಾಕಾಯಿತು. ನಾಲ್ವರು ಚಟ್ಟವನ್ನು ಟೆಂಪೋಕ್ಕೆ ಏರಿಸಿದರು. ಮನೆಯೊಳಗೆ ಹೋಗುವ ಧೈರ್ಯವಾಗದ ಸಿದ್ದಲಿಂಗ ಆ ಮುಖವನ್ನು ಕಂಡದ್ದು ಆಗಲೇ. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಅದು ಬೆಳ್ಳಗಾಗುವುದನ್ನು ಅವನು ನೋಡಿರಲಿಲ್ಲ.

*

ಇಬ್ಬರಿಗೂ ಇಪ್ಪತ್ತೊಂದು ತುಂಬಿದ ವರ್ಷ. ಸಿದ್ದಲಿಂಗನ ಅಪ್ಪ ದ್ರಾಕ್ಷಿಯ ಪೆಟ್ಟಿಗೆಗಳನ್ನು ಟೆಂಪೋಕ್ಕೆ ಹೇರಿ, ಪಣಜಿಗೆ ಮುಟ್ಟಿಸಿ ಬಾ ಎಂದಿದ್ದ. ಜೊತೆಗಿರಲಿ ಎಂದು ಭೀಮಗೊಂಡ ಹತ್ತಿ ಕೂತ. ನಿಪ್ಪಾಣಿ, ಆಜರಾ ದಾಟಿ ಆಂಬೋಲಿ ಘಾಟಿಗೆ ಬಂದಾಗ ಮಂಜು ಟೆಂಪೋದೊಳಕ್ಕೇ ಬಂತು. ಎದುರಿನ ದಾರಿ ಕಾಣದಾಯಿತು. ಭೀಮಗೊಂಡ ಕಿಟಕಿಯಿಂದ ತಲೆ ಹೊರಹಾಕಿ “ಎಡಕ್ಕ, ಇನ್ನಷ್ಟು ಎಡಕ್ಕ” ಎನ್ನುತ್ತಿದ್ದ. ಸಿದ್ದಲಿಂಗ ಆ ದನಿಯನ್ನೇ ನಂಬಿ ಗಾಡಿ ಓಡಿಸಿದ.

ದ್ರಾಕ್ಷಿ ಇಳಿಸಿದ ಮಧ್ಯಾಹ್ನ, ಬಿಸಿಲು ತಡೆಯಲಾರದೆ ಹಳೆಯ ಥಿಯೇಟರೊಂದನ್ನು ಹೊಕ್ಕರು. ಯಾವುದೋ ಪರದೇಶದ ಸಿನಿಮಾ. ಮಾತು ತಿಳಿಯಲಿಲ್ಲ, ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಓದುವಷ್ಟರಲ್ಲಿ ಮಾಯ. ಇಬ್ಬರು ಹುಡುಗರು ಒಂದು ಹಳೆಯ ಲಾರಿಯಲ್ಲಿ ಹೊರಟಿದ್ದಾರೆ. ಒಣ ಬಯಲು, ಮರವಿಲ್ಲದ ಗುಡ್ಡ, ಒಂಟಿ ಪೆಟ್ರೋಲ್ ಪಂಪು. ಅವರು ಜಗಳಾಡಿದರು, ಕೆರೆಯಲ್ಲಿ ಈಜಿದರು. ಆಮೇಲೆ ಲಾರಿಯ ನೆರಳಿನಲ್ಲಿ ಕೂತು ಒಬ್ಬ ಇನ್ನೊಬ್ಬನ ಕೆನ್ನೆಗೆ ಕೈಯಿಟ್ಟು ಮುತ್ತು ಕೊಟ್ಟ. ಥಿಯೇಟರಿನಲ್ಲಿ ಯಾರೂ ನಗಲಿಲ್ಲ, ಸೀಟಿ ಹೊಡೆಯಲಿಲ್ಲ. ಭೀಮಗೊಂಡನ ಅಂಗೈ ಬೆವೆತು ಸಿದ್ದಲಿಂಗನ ಅಂಗೈಯೊಳಗೆ ಬಂದು ಸೇರಿತು.

ಹೊರಗೆ ಬಂದ ಮೇಲೆ ಬಹಳ ಹೊತ್ತು ನಡೆದರು.

“ಸಿದ್ದ್ಯಾ, ಹಂತಾ ಮಂದಿ ನಮ್ಮ ಕಡೆನೂ ಇರ್ತಾರೇನಲೇ?”

“ಇಬ್ರಂತೂ ಅದೀವಿ.”

ಭೀಮಗೊಂಡ ರಸ್ತೆಯಲ್ಲೇ ನಿಂತು ನಕ್ಕ. ಹಾಗೆ ನಕ್ಕದ್ದನ್ನು ಸಿದ್ದಲಿಂಗ ಮುಂದೆಂದೂ ಕೇಳಲಿಲ್ಲ. ಮೂರು ದಿನಕ್ಕೆ ಮುಗಿಯುವ ದಾರಿಯನ್ನು ಅವರು ಏಳು ದಿನ ಮಾಡಿಕೊಂಡು ಊರಿಗೆ ಬಂದರು. ಬಂದ ತಿಂಗಳಲ್ಲೇ ಭೀಮಗೊಂಡನಿಗೆ ಬೇಡಕಿಹಾಳದ ಹೆಣ್ಣು ಗೊತ್ತಾಯಿತು. ಅವನು ಇಲ್ಲ ಎನ್ನಲಿಲ್ಲ. ಮದುವೆಯ ಕರೆಯೋಲೆ ಸತ್ತಿಗೂ ಬಂತು. ಸಿದ್ದಲಿಂಗ ಹೋಗಲಿಲ್ಲ, ತಾನೂ ಮದುವೆಯಾಗಲಿಲ್ಲ.

*

ಟೆಂಪೋ ಇನ್ನೇನು ಹೊರಡಬೇಕು, ಎಡಗಡೆಯ ಬಾಗಿಲು ತೆರೆಯಿತು. ಭೀಮಗೊಂಡನ ಹೆಂಡತಿ ಗಂಗೂಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿ ಕೂತಳು.

“ಅವ್ವಾ, ಹೆಂಗಸ್ರು ಹೋಗಾಂಗಿಲ್ಲ,” ಎಂದು ಮಗಳು ಮನಿಷಾ ಓಡಿಬಂದಳು.

“ಗಾಡ್ಯಾಗ ಕೂಡ್ತೀನಿ. ಇಳಿಯಾಂಗಿಲ್ಲ.” ಗಂಗೂಬಾಯಿ ಬಾಗಿಲೆಳೆದುಕೊಂಡಳು. “ನಡೀರಿ.”

ಟೆಂಪೋ ಓಣಿ ದಾಟಿತು. ಹಿಂದೆ ಣಮೋಕಾರ ಮಂತ್ರದ ಗುನುಗು, ಅದರ ಹಿಂದೆ ಮೋಟರ್‌ಸೈಕಲ್ಲುಗಳು.

“ಮುಂಜಾನೆ ಫೋನ್ ಹಚ್ಚಿದಾಕಿ ನಾನ,” ಎಂದಳು ಗಂಗೂಬಾಯಿ. “ನಿಮ್ಮ ನಂಬರ್ ಅವರ ಫೋನಿನ್ಯಾಗಿತ್ತು. ಒಂದಿನಾನೂ ಹಚ್ಚಲಿಲ್ಲ. ತಗದು ನೋಡ್ತಿದ್ರು, ಮತ್ತ ಇಡ್ತಿದ್ರು.”

ಸಿದ್ದಲಿಂಗ ಗೇರು ಬದಲಿಸಿದ. “ನಿಮಗ... ಎಲ್ಲಾ ಗೊತ್ತೇನ್ರಿ ವೈನಿ?”

“ಲಗ್ನಾಗಿ ವರ್ಷ ತುಂಬೂದ್ರಾಗ ಅವರ ಹೇಳಿದ್ರು. ತವರಮನಿಗಿ ಹೋಗಿ ಆರು ತಿಂಗಳ ಕುಂತಿದ್ದೆ. ನಿಮ್ಮ ಮುಖಾ ನೋಡದ ನಿಮ್ಮನ್ನ ಭಾಳ ಬೈದೀನ್ರಿ.” ಅವಳು ಗಾಜಿನಾಚೆ ನೋಡುತ್ತಿದ್ದಳು. “ಆಮ್ಯಾಲ ತಿರಗಿ ಬಂದೆ. ಕೆಟ್ಟ ಮನಶ್ಯಾ ಅಲ್ರಿ ಅವರು. ನನ್ನ ಒಮ್ಮಿನೂ ಜೋರ ಮಾಡಿ ಮಾತಾಡ್ಸಲಿಲ್ಲ. ಆದ್ರ ಮನಿಯಾಗಿದ್ರೂ ಎಲ್ಲೋ ಇರ್ತಿದ್ರು.”

ಇಕ್ಕೆಲದಲ್ಲೂ ಕಬ್ಬು ಹೂಬಿಟ್ಟಿತ್ತು. ಬಿಳಿಯ ತುರಾಯಿಗಳು ಗಾಳಿಗೆ ಬಾಗಿ ಏಳುತ್ತಿದ್ದವು. ಆ ಬಿಳುಪಿನ ನಡುವೆ ಟೆಂಪೋ ತೇಲಿಕೊಂಡು ಹೋಗುತ್ತಿರುವಂತೆ ಸಿದ್ದಲಿಂಗನಿಗೆ ಅನ್ನಿಸಿತು.

“ಆ ಸಿನಿಮಾದ ಕತಿ ಹೇಳಿದ್ರು ನನಗ. ಕಡೀಕ ಏನಾತು ಅಂದ್ರ ಸುಮ್ಮಕಾಗ್ತಿದ್ರು. ಏನಾತ್ರಿ ಆ ಹುಡಗೂರ್ದು?”

“ಗೊತ್ತಿಲ್ರಿ ವೈನಿ. ಲೈಟ್ ಹತ್ತಿದ್ರ ಯಾರರೆ ನಮ್ಮನ್ನ ನೋಡ್ತಾರ ಅಂತ ಅಂಜಿ, ಮುಗಿಯೂದ್ಕಿಂತ ಮೊದಲ ಎದ್ದ ಬಂದ್ವಿ.”

ಗಂಗೂಬಾಯಿ ಮೊದಲ ಬಾರಿಗೆ ಅವನ ಕಡೆ ತಿರುಗಿದಳು. ಬೆಳಗಿನಿಂದ ತಡೆದದ್ದು ಆಗ ಒಡೆದು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಸಿದ್ದಲಿಂಗನೂ ಅತ್ತ. ಒಂದು ಕೈಯಿಂದ ಕಣ್ಣೊರೆಸಿಕೊಂಡು, ಇನ್ನೊಂದು ಕೈಯಿಂದ ಸ್ಟೇರಿಂಗ್ ಹಿಡಿದೇ ಇದ್ದ.

ಮುಂದೆ ದಾರಿ ಒಡೆಯಿತು. ನೇರ ಹೋದರೆ ಸ್ಮಶಾನ ಕೂಗಳತೆಯಲ್ಲಿತ್ತು. ಎಡಕ್ಕೆ ಹೊರಳುವ ಮಣ್ಣಿನ ದಾರಿ ದೂಧಗಂಗಾ ನದಿಯ ಗುಂಟ ಮೂರು ಮೈಲಿ ಸುತ್ತಿ ಅಲ್ಲಿಗೇ ಬರುತ್ತಿತ್ತು.

ಟೆಂಪೋ ನಿಧಾನವಾಯಿತು. ಗಂಗೂಬಾಯಿ ಬಳೆ ತೆಗೆದ ಕೈಯನ್ನು ಕಿಟಕಿಯಿಂದ ಹೊರಗೆ ಚಾಚಿ ನದಿಯ ಕಡೆ ತೋರಿಸಿದಳು.

ಸಿದ್ದಲಿಂಗ ಹೊರಳಿಸಿದ. ಹಿಂದಿನ ಮೋಟರ್‌ಸೈಕಲ್ಲುಗಳು ಕವಲಿನಲ್ಲಿ ಒಂದು ಗಳಿಗೆ ತಡವರಿಸಿ, ಆಮೇಲೆ ಒಂದೊಂದಾಗಿ, ಧೂಳೆಬ್ಬಿಸುತ್ತ, ನದಿಯ ದಾರಿಗೆ ಇಳಿದವು.