೧೯೨೯ರ ದೀಪಾವಳಿ ಸಂಚಿಕೆ

ರಿಟೈರಾದ ಮಾಸ್ತರ ಗುರುಪಾದಪ್ಪನವರ ಮನೆಯಲ್ಲಿ ಹಳೆಯ ಮಾಸಪತ್ರಿಕೆಗಳಿಗೆ ಎರಡು ಕೋಣೆ, ಅವರಿಗೆ ಒಂದು ಮೂಲೆ. ಶಹಾಪುರದ ಜನ ಇದನ್ನು ಹುಚ್ಚು ಅನ್ನುತ್ತಿದ್ದರು. ಖರೆ ಹೇಳಬೇಕೆಂದರೆ ಆ ರಾಶಿಯಲ್ಲಿ ಅವರಿಗೆ ಬೇಕಾದದ್ದೇ ಇರಲಿಲ್ಲ. ಬೇಕಾಗಿದ್ದದ್ದು ೧೯೨೯ರ ಒಂದು ದೀಪಾವಳಿ ಸಂಚಿಕೆ. ಅದರಲ್ಲಿ ಪ್ರಬಂಧಕ್ಕೆ ಬಹುಮಾನ ಪಡೆದ ಹುಡುಗಿಯೊಬ್ಬಳ ಫೋಟೋ ಇತ್ತು. ಆಕೆ ಮುಂದೆ ಮದುವೆಯಾಗಿ, ಇವರನ್ನು ಹೆತ್ತು, ವಾರದಲ್ಲೇ ತೀರಿಕೊಂಡಳು. ಬೇರೆ ಫೋಟೋ ಇರಲಿಲ್ಲ. ಎಪ್ಪತ್ತರ ಹತ್ತಿರ ಬಂದರೂ ಈ ಮನುಷ್ಯನಿಗೆ ತಾಯಿಯ ಮುಖ ಹೇಗಿತ್ತೆಂದು ಗೊತ್ತಿಲ್ಲ. ಅದನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಬಿಟ್ಟರೆ ರದ್ದಿಯವರು ರೇಟು ಏರಿಸುತ್ತಾರಂತೆ!

ಒಂದು ಶನಿವಾರ, ರವಿವಾರ ಪೇಟೆ ಎಂಬ ಓಣಿಯಲ್ಲಿ, ಸರದಾರಸಾಬನ ರದ್ದಿ ಅಂಗಡಿಯಲ್ಲಿ, ಒಂದು ಗಂಟಿನ ಮೇಲೆಯೇ ಆ ಸಂಚಿಕೆ ಕಂಡಿತು. ತೆರೆದು ನೋಡಬಾರದೆ? ಇಲ್ಲ. ತೆರೆದರೆ ಕಣ್ಣಲ್ಲಿ ನೀರು ಬರುತ್ತದೆ, ನೀರು ಕಂಡರೆ ಅಂಗಡಿಯವ ಬಿಡುತ್ತಾನೆಯೆ? ಅತಿ ಜಾಣತನ ಅಂದರೆ ಇದು.

“ಹುಳಾ ತಿಂದಾವ ಬಿಡಪಾ. ಬುಟ್ಟಿಗೆ ಮೆತ್ತಾಕಷ್ಟ ಬರತಾವು,” ಎಂದು ಗಂಟನ್ನು ಕಾಲಿನಿಂದ ಸರಿಸಿ ಬಂದರು. ಸೋಮವಾರ ಹೋಗಿ ರದ್ದಿ ರೇಟಿಗೇ ಎತ್ತಿಕೊಂಡು ಬರುವುದೆಂದು ಅವರ ಲೆಕ್ಕ.

ಸೋಮವಾರ ಗಂಟು ಇರಲಿಲ್ಲ.

“ನೀವ ಅಂದಿರೆಲ್ರಿ ಮಾಸ್ತರ, ಬುಟ್ಟಿಗೆ ಬರತಾವು ಅಂತ. ಅವತ್ತ ಸಂಜಿಕ ಖಾನಾಪುರದ ಭೀಮಕ್ಕ ಬಂದಿದ್ಳು, ಬುಟ್ಟಿ ಮೆತ್ತಾಕಿ. ಪುಕ್ಕಟ ಕೊಟ್ಟ ಕಳಿಸಿದೆ,” ಎಂದ ಸರದಾರಸಾಬ. ಪುಣ್ಯದ ಕೆಲಸ ಮಾಡಿದ ಸಂತೋಷ ಅವನ ಮುಖದಲ್ಲಿತ್ತು.

ಖಾನಾಪುರದ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಗುರುಪಾದಪ್ಪನವರು ಕೂರಲಿಲ್ಲ. ದೇಸೂರು ದಾಟುವಾಗ “ಅವ್ವಾ, ಇನ್ನೊಂದ ತಾಸು ತಡಿ,” ಎಂದು ಗಟ್ಟಿಯಾಗಿಯೇ ಅಂದುಬಿಟ್ಟರು. ಬಾಜುವಿನವ ತಿರುಗಿ ನೋಡಿದ.

ಭೀಮಕ್ಕ ಅಂಗಳದಲ್ಲೇ ಕೂತಿದ್ದಳು. ನೆನೆಸಿದ ಕಾಗದವನ್ನು ಮೆಂತ್ಯದ ಜೊತೆ ಅರೆದು ಬಿದಿರಿನ ಬುಟ್ಟಿಗೆ ಬಳಿಯುತ್ತಿದ್ದಳು. ಪಕ್ಕದ ಮಣ್ಣಿನ ಹರವಿಯಲ್ಲಿ ಬೂದು ಬಣ್ಣದ ಮುದ್ದೆ. ಗುರುಪಾದಪ್ಪನವರು ಅದರೊಳಗೆ ಮೊಣಕೈವರೆಗೆ ಕೈ ಹಾಕಿದರು. ಹಿಡಿಹಿಡಿಯಾಗಿ ತೆಗೆದರು, ಬಿಡಿಸಿದರು, ಬಿಸಿಲಿಗೆ ಹಿಡಿದರು. ಒಂದಕ್ಷರವೂ ಉಳಿದಿರಲಿಲ್ಲ.

“ಏನ್ ಹುಡುಕಾಕತ್ತೀರಿ ಅಜ್ಜಾರ? ರೊಕ್ಕ ಇತ್ತೇನ್ರಿ ಅದರಾಗ?”

“ನಮ್ಮವ್ವ ಇದ್ಳವಾ,” ಎಂದರು ಗುರುಪಾದಪ್ಪನವರು. “ಅದರಾಗ ಆಕೀ ಫೋಟೋ ಇತ್ತು. ನಾ ಒಮ್ಮಿನೂ ನೋಡಿಲ್ಲ.” ಹೇಳುತ್ತ ಹೇಳುತ್ತ ಅಳು ಒಡೆಯಿತು. ನಾಚಿಕೆ ಬಿಟ್ಟು, ಹುಡುಗರ ಹಾಗೆ ಅತ್ತರು.

ಭೀಮಕ್ಕ ಬುಟ್ಟಿಯಿಂದ ಕೈ ತೆಗೆದಳು. “ಒಂದ ಹುಡುಗೀದು ಫೋಟೋ ಇತ್ತ ನೋಡ್ರಿ. ಕಾಗದ ಹರಿಯೂ ಮುಂದ ಕಂಡಿತ್ತು.”

“ನೋಡೀಯೇನು? ಹೆಂಗಿದ್ಳು? ಹೇಳವಾ ತಂಗಿ, ಹೆಂಗಿದ್ಳು?”

ಭೀಮಕ್ಕ ಕಣ್ಣು ಮುಚ್ಚಿ ಬಹಳ ಹೊತ್ತು ನೆನಪಿಸಿಕೊಂಡಳು.

“ಎಲ್ಲಾ ಹುಡುಗ್ಯಾರ ಹಂಗ ಇದ್ಳ್ರಿ,” ಎಂದಳು ಕೊನೆಗೆ, ತಪ್ಪೆಲ್ಲ ತನ್ನದೇ ಎಂಬಂತೆ. “ನಿಮ್ಮವ್ವ ಅಂತ ಯಾರರ ಒಂದ ಮಾತ ಹೇಳಿದ್ರ, ಛಂದಂಗಿ ನೋಡ್ತಿದ್ದೆ.”